ರೆಕಾರ್ಡ್ ಬುಕ್ ಬದಲು ವಿಕಿಪೀಡಿಯ: ಮೆಡಿಕಲ್, ನರ್ಸಿಂಗ್ ಮಕ್ಕಳಿಂದ ಆನ್‌ಲೈನ್‌ನಲ್ಲಿ ಒಟ್ಟಿಗೆ ಬರೆಸಿದವರು ಯಾರಾದರೂ ಇದ್ದೀರಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಕಮ್ಯುನಿಟಿ ಮೆಡಿಸಿನ್ ಪಾಠ ಮಾಡುತ್ತೇನೆ. ಒಂದು ವಿಷಯಕ್ಕೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ಸ್ವಲ್ಪ ಉದ್ದ ಆಗಬಹುದು.

ವಿದ್ಯಾರ್ಥಿಗಳು ಪ್ರಾಕ್ಟಿಕಲ್ ಕೆಲಸವನ್ನು ಬರೆದು ಒಪ್ಪಿಸುವ ರೆಕಾರ್ಡ್ ಬುಕ್ಕಿನ ಕಥೆ ನಿಮಗೆ ಗೊತ್ತೇ ಇದೆ. ಸೀನಿಯರ್ ಬರೆದದ್ದನ್ನು ಜೂನಿಯರ್ ಇಳಿಸಿಕೊಳ್ಳುತ್ತಾನೆ. ಚಿತ್ರಕ್ಕೆ ಬಣ್ಣ ಹಚ್ಚುತ್ತಾನೆ. ನಾವು ಕೆಂಪು ಪೆನ್ನಿನಲ್ಲಿ ಸಹಿ ಹಾಕುತ್ತೇವೆ. ಪರೀಕ್ಷೆ ಮುಗಿದ ಮೇಲೆ ಅದು ಹಾಸ್ಟೆಲ್ ಮಂಚದ ಕೆಳಗೆ. ಬರೆದವನೂ ಓದಿರುವುದಿಲ್ಲ, ಸಹಿ ಹಾಕಿದವರೂ ಓದಿರುವುದಿಲ್ಲ.

ಈ ಸಲದ ಪೋಸ್ಟಿಂಗ್‌ನಲ್ಲಿ (ವಿದ್ಯಾರ್ಥಿಗಳು ನಮ್ಮ ವಿಭಾಗದಲ್ಲಿ ಕೆಲಸ ಕಲಿಯುವ ಅವಧಿ) ಬೇರೆ ಮಾಡೋಣ ಅನ್ನಿಸಿತು. ನಾಲ್ಕೈದು ಜನರ ಗುಂಪು ಮಾಡಿದೆ. ಒಂದು ಗುಂಪಿಗೆ ಒಂದೇ ಗೂಗಲ್ ಡಾಕ್ಸ್ ಕಡತ, ಎಲ್ಲರೂ ಅದರಲ್ಲೇ ಬರೆಯಬೇಕು, ಒಬ್ಬರದ್ದನ್ನು ಒಬ್ಬರು ತಿದ್ದಬೇಕು. ವಿಷಯ ಹಾವು ಕಡಿತ. ಕನ್ನಡದಲ್ಲೇ ಬರೆಯಬೇಕು. ಓದುವವರು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಮುಂದೆ ಬೆಂಚಿನ ಮೇಲೆ ಕೂತಿರುವ ಜನ.

ಒಂದು ಗುಂಪಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಮೊದಲು ಒಬ್ಬ ಬರೆದ: "ದಂಶನ ಸ್ಥಳದ ಮೇಲ್ಭಾಗದಲ್ಲಿ ಟೂರ್ನಿಕೆಯ ಬಳಕೆಯನ್ನು ವರ್ಜಿಸತಕ್ಕದ್ದು." ಪಕ್ಕದಲ್ಲೇ ಇನ್ನೊಬ್ಬಳ ಕಾಮೆಂಟು: "ನಮ್ಮಜ್ಜಿಗೆ ಇದು ಅರ್ಥ ಆಗಲ್ಲ, ನನಗೂ ಆಗಲಿಲ್ಲ." ಆಮೇಲೆ ಅದು "ಕಡಿದ ಜಾಗದ ಮೇಲೆ ಹಗ್ಗ, ಬಟ್ಟೆ ಬಿಗಿಯಬೇಡಿ" ಎಂದಾಯಿತು. ಎಲ್ಲರಿಗೂ ಖುಷಿ. ಅಷ್ಟರಲ್ಲಿ ಯಾವಾಗಲೂ ಸುಮ್ಮನೆ ಕೂರುವ ಒಬ್ಬ ಹುಡುಗ ಕೆಳಗೆ ಕೇಳಿದ: "ಈಗಾಗಲೇ ಬಿಗಿದುಕೊಂಡು ಬಂದಿದ್ದರೆ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಒಬ್ಬ "ತಕ್ಷಣ ಬಿಚ್ಚಬೇಕು" ಅಂತ ಬರೆದ, ಮತ್ತೊಬ್ಬಳು ಅಳಿಸಿದಳು. ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ತೆಗೆದು ನೋಡಿದರು. ಗಟ್ಟಿಯಾಗಿ ಬಿಗಿದ ಕಟ್ಟನ್ನು ದಾರಿಯಲ್ಲಿ ಬಿಚ್ಚಬಾರದು. ಒಮ್ಮೆಲೇ ಬಿಚ್ಚಿದರೆ ತಡೆದು ನಿಂತಿದ್ದ ವಿಷ ಮೈಗೆ ನುಗ್ಗಿ ಉಸಿರೇ ನಿಲ್ಲಬಹುದು. ಆಸ್ಪತ್ರೆಯಲ್ಲಿ, ಉಸಿರಾಟಕ್ಕೆ ನೆರವು ಕೊಡುವ ವ್ಯವಸ್ಥೆ ಇರುವಲ್ಲಿ, ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಶುರುವಾದ ಮೇಲೆ ಡಾಕ್ಟರ್ ಬಿಚ್ಚಬೇಕು. ಇದು ನಾನು ಕ್ಲಾಸಿನಲ್ಲಿ ಹೇಳಿದ ವಿಷಯವೇ. ಸ್ಲೈಡಿನಲ್ಲೂ ಇತ್ತು. ಆದರೆ ಆವತ್ತು ಆ ಹುಡುಗ ಕೇಳಿದ ಮೇಲೆ ಅದು ಅವರದ್ದಾಯಿತು.

ಈಗ ಇದನ್ನು ಕನ್ನಡ ವಿಕಿಪೀಡಿಯಕ್ಕೇ ಹಾಕಿಸಬೇಕು ಅಂತ ನನ್ನ ಆಸೆ. ನಮ್ಮ ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಮೂರು ಅನುಮಾನ: ಮಾರ್ಕ್ಸ್ ಹೇಗೆ ಕೊಡುವುದು, ತಪ್ಪು ಬರೆದರೆ ಯಾರು ಹೊಣೆ, ಇದರಿಂದ ನಿಜಕ್ಕೂ ಕಲಿಯುತ್ತಾರಾ. ಮೂರೂ ಸರಿಯಾದ ಪ್ರಶ್ನೆಗಳೇ.

ಬೇ_ಏರಿಯಾ_ಬಸಣ್ಣ

ಮೇಡಂ, ಇದು ಹೊಸದೇನಲ್ಲ. ಇಲ್ಲೇ ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ 2013ರಲ್ಲಿ ಶುರು ಮಾಡಿದರು. ನಾಲ್ಕನೇ ವರ್ಷದವರಿಗೆ ಒಂದು ತಿಂಗಳ ಐಚ್ಛಿಕ ಕೋರ್ಸ್. ಒಬ್ಬೊಬ್ಬರು ಒಂದೊಂದು ವೈದ್ಯಕೀಯ ಲೇಖನ ಹಿಡಿದು ಇಂಗ್ಲಿಷ್ ವಿಕಿಪೀಡಿಯದಲ್ಲಿ ಸುಧಾರಿಸಬೇಕು. ನಡೆಸಿದವರು ಅಮೀನ್ ಅಜ಼್ಜ಼ಾಮ್ ಎಂಬ ಪ್ರಾಧ್ಯಾಪಕರು. ವಿಕಿಪೀಡಿಯದಲ್ಲೇ ಇರುವ ವೈದ್ಯಕೀಯ ಸ್ವಯಂಸೇವಕರ ತಂಡ ಜೊತೆಗಿತ್ತು.

ಅವರು 2017ರಲ್ಲಿ 'ಅಕಾಡೆಮಿಕ್ ಮೆಡಿಸಿನ್' ಪತ್ರಿಕೆಯಲ್ಲಿ ಲೆಕ್ಕ ಕೊಟ್ಟಿದ್ದಾರೆ. 2013ರ ನವೆಂಬರಿನಿಂದ 2015ರ ನವೆಂಬರಿನವರೆಗೆ 43 ವಿದ್ಯಾರ್ಥಿಗಳು, 1,528 ತಿದ್ದುಪಡಿಗಳು. ಕಳಪೆ ಆಧಾರ ತೆಗೆದು ಒಳ್ಳೆಯದು ಹಾಕಿದ ಮೇಲೆ ನಿವ್ವಳ 274 ಉಲ್ಲೇಖ ಹೆಚ್ಚಾಯಿತು. ವಿದ್ಯಾರ್ಥಿಗಳು ತಿದ್ದುತ್ತಿದ್ದ ತಿಂಗಳುಗಳಲ್ಲೇ ಆ ಲೇಖನಗಳನ್ನು 11 ಲಕ್ಷಕ್ಕೂ ಹೆಚ್ಚು ಸಲ ತೆರೆದಿದ್ದರು. ಆಮೇಲೆ ಸುಮಾರು 2.2 ಕೋಟಿ ಸಲ. ಮೊದಲ 28 ಜನ ಬರೆದದ್ದನ್ನು 2016ರ ಜುಲೈವರೆಗೂ ಯಾರೂ ತೆಗೆದುಹಾಕಿರಲಿಲ್ಲ, ಕೆಡಿಸಿರಲೂ ಇಲ್ಲ.

ಯಾವ ರೆಕಾರ್ಡ್ ಬುಕ್ಕಿಗೆ ಇಷ್ಟು ಓದುಗರು ಸಿಗುತ್ತಾರೆ ಹೇಳಿ!

ಲಾಸ್ಟ್‌ಬೆಂಚ್_ಎಂಬಿಬಿಎಸ್

ಸರ್, ಬೇಜಾರು ಮಾಡಿಕೊಳ್ಳಬೇಡಿ. ಅದು ತಾವಾಗಿಯೇ ಆರಿಸಿಕೊಂಡವರ ಕೋರ್ಸ್. ಎರಡು ವರ್ಷಕ್ಕೆ 43 ಜನ. ನಮ್ಮ ಬ್ಯಾಚಿನಲ್ಲೇ 150 ಜನ ಇದ್ದೇವೆ. ಇಷ್ಟ ಇರಲಿ, ಬಿಡಲಿ, ಎಲ್ಲರೂ ಬರೆಯಬೇಕು. ಅದಕ್ಕೂ ಇದಕ್ಕೂ ಹೋಲಿಕೆನೇ ಇಲ್ಲ.

ಇನ್ನೊಂದು. ನೀವು ಕೊಟ್ಟದ್ದೆಲ್ಲ ಲೇಖನ ಎಷ್ಟು ಸುಧಾರಿಸಿತು, ಎಷ್ಟು ಜನ ನೋಡಿದರು ಎನ್ನುವ ಲೆಕ್ಕ. ವಿದ್ಯಾರ್ಥಿ ಎಷ್ಟು ಕಲಿತ ಅನ್ನುವ ಲೆಕ್ಕ ಎಲ್ಲಿ? ಎಚ್‌ಒಡಿ ಸರ್ ಕೇಳಿದ್ದು ಅದನ್ನೇ ಅಲ್ವಾ?

ಗುಂಪು ಕೆಲಸದ ಬಗ್ಗೆ ನಮ್ಮ ಹಾಸ್ಟೆಲ್ ಸತ್ಯ ಹೇಳ್ತೀನಿ. ಒಬ್ಬ ಬರೀತಾನೆ, ನಾಲ್ಕು ಜನ ಹೆಸರು ಹಾಕಿಸಿಕೊಳ್ತಾರೆ. ಆ ಒಬ್ಬ ಯಾರು ಅಂತಲೂ ಮೊದಲೇ ಎಲ್ಲರಿಗೂ ಗೊತ್ತಿರುತ್ತೆ.

ಬೇ_ಏರಿಯಾ_ಬಸಣ್ಣ

ಒಳ್ಳೆಯ ಪಾಯಿಂಟು ತಮ್ಮಾ. ಆ ಪ್ರಬಂಧದಲ್ಲಿ ವಿದ್ಯಾರ್ಥಿಗಳು ತಮ್ಮ ಅನುಭವ ಹೇಳಿಕೊಂಡಿದ್ದಾರೆ. ಸಮಾಜಕ್ಕೆ ಏನೋ ಕೊಟ್ಟ ಖುಷಿ ಆಯಿತು, ಡಾಕ್ಟರ ಜವಾಬ್ದಾರಿ ಎಂದರೆ ಏನು ಅನ್ನುವ ನೋಟ ಹಿಗ್ಗಿತು ಅಂತ. ಪರೀಕ್ಷೆಯ ಅಂಕದ ಹೋಲಿಕೆ ಬೇರೆ ವಿಷಯ. ಒಪ್ಪಿದೆ.

ಅರಳಿಕಟ್ಟೆ_ಖಾಯಂ

ಕನ್ನಡ ವಿಕಿಪೀಡಿಯದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. (ಗೊತ್ತಿಲ್ಲದವರಿಗೆ: ಅಲ್ಲಿನ ಸಮುದಾಯ ಮಾತುಕತೆ ಪುಟದ ಹೆಸರೇ ಅರಳಿ ಕಟ್ಟೆ.) ತುಂಗಾತೀರ ಅವರಿಗೆ ಸ್ವಾಗತ. ಆದರೆ ಉತ್ಸಾಹಕ್ಕೆ ಮೊದಲು ಹಳೆಯ ಎರಡು ಕಥೆ ಕೇಳಿಬಿಡಿ.

ಒಂದು, 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ವಿಕಿಮೀಡಿಯ ಪ್ರತಿಷ್ಠಾನದ ಶಿಕ್ಷಣ ಕಾರ್ಯಕ್ರಮ ನಡೆಯಿತು. ನೂರಾರು ವಿದ್ಯಾರ್ಥಿಗಳನ್ನು ಒಂದೇ ಸಲ ಇಂಗ್ಲಿಷ್ ವಿಕಿಪೀಡಿಯಕ್ಕೆ ಇಳಿಸಿದರು. ಮಾರ್ಕ್ಸ್ ಆಸೆಗೆ ಮಕ್ಕಳು ಪಠ್ಯಪುಸ್ತಕ, ವೆಬ್‌ಸೈಟುಗಳಿಂದ ಪುಟಗಟ್ಟಲೆ ಎತ್ತಿ ಹಾಕಿದರು. ಕೃತಿಸ್ವಾಮ್ಯದ ರಗಳೆ. ಅಲ್ಲಿದ್ದ ಸ್ವಯಂಸೇವಕರು ತಿಂಗಳುಗಟ್ಟಲೆ ಕಸ ಬಳಿದರು. ಅದೇ ವರ್ಷ ಕಾರ್ಯಕ್ರಮ ನಿಂತಿತು. ಮಕ್ಕಳನ್ನು ಬೈಯುವುದರಲ್ಲಿ ಅರ್ಥ ಇಲ್ಲ. ಕಾಪಿ ಹೊಡೆಯುವುದು ತಪ್ಪು ಅಂತ ಅವರಿಗೆ ಅಲ್ಲಿಯವರೆಗೆ ಯಾರೂ ಗಟ್ಟಿಯಾಗಿ ಹೇಳಿರಲೇ ಇಲ್ಲ. ರೆಕಾರ್ಡ್ ಬುಕ್ಕಿನಲ್ಲಿ ಅದನ್ನೇ ತಾನೇ ಕಲಿಸಿದ್ದು?

ಎರಡನೆಯದು ನಮ್ಮ ಮನೆಯದ್ದೇ. 2009ರಿಂದ 2011ರ ಆಸುಪಾಸಿನಲ್ಲಿ ಗೂಗಲ್‌ನ ಅನುವಾದ ಯೋಜನೆಯಿಂದ ಕನ್ನಡ ವಿಕಿಗೆ ಬಹಳಷ್ಟು ಲೇಖನ ಬಂದವು. ಆರೋಗ್ಯದ ವಿಷಯಗಳೂ ಇದ್ದವು. ಉದ್ದ ಏನೋ ಉದ್ದ, ಉಲ್ಲೇಖಗಳೂ ಸಾಲುಗಟ್ಟಿ ನಿಂತಿವೆ. ಆದರೆ ಎಷ್ಟೋ ಕಡೆ ವಾಕ್ಯ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ತಿಳಿಯುವುದಿಲ್ಲ. ಅದನ್ನು ಓದಿ ಯಾರೂ ಹುಷಾರಾಗಿಲ್ಲ, ಪುಣ್ಯಕ್ಕೆ ಯಾರೂ ಸತ್ತೂ ಇಲ್ಲ ಅಂದುಕೊಂಡಿದ್ದೇನೆ.

ಹಾಗಾಗಿ ನನ್ನ ಸಲಹೆ: ಹೊಸ ಲೇಖನ ಬರೆಸಬೇಡಿ. ಇರುವುದರಲ್ಲಿ ಒಂದು ವಿಭಾಗ ಕೊಟ್ಟು ತಿದ್ದಿಸಿ. ಒಂದು ಗುಂಪಿಗೆ ಎರಡು ಪ್ಯಾರಾ ಸಾಕು.

ಸಿಸ್ಟರ್_ಟ್ಯೂಟರ್

ನಮಸ್ಕಾರ್ರಿ. ನಾನು ಕಲ್ಯಾಣ ಕರ್ನಾಟಕದ ಕಡೆ ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್. ಮೇಲೆ ಎಲ್ಲಾ ಬರೀ ಎಂಬಿಬಿಎಸ್ ಮಾತು ನಡೆದದ, ಅದಕ್ಕೆ ನಮ್ಮದೂ ಒಂಚೂರು ಸೇರಿಸುತ್ತೇನೆ.

ನಮ್ಮ ಹುಡುಗಿಯರು ಪ್ರತಿ ಪೋಸ್ಟಿಂಗ್‌ಗೂ ಹೆಲ್ತ್ ಟಾಕ್ ಕೊಡಬೇಕು. ಚಾರ್ಟ್, ಫ್ಲ್ಯಾಶ್ ಕಾರ್ಡ್ ಮಾಡುತ್ತಾರೆ. ಸ್ಕೆಚ್ ಪೆನ್ನು, ಥರ್ಮಾಕೋಲು, ಮಿಂಚು ಅಂಟಿಸಿದ್ದು. ಚೆಂದ ಇರುತ್ತದೆ. ಆದರೆ ಅದರೊಳಗೆ ಬರೆದದ್ದು ಸರಿ ಇದೆಯಾ ಅಂತ ನೋಡುವವರು ಕಡಿಮೆ.

ಕಳೆದ ಬ್ಯಾಚಿನಲ್ಲಿ ಚಾರ್ಟಿಗೆ ಮೊದಲು ಎಲ್ಲರೂ ಒಂದೇ ಆನ್‌ಲೈನ್ ಕಡತದಲ್ಲಿ ಬರೆಯಿರಿ ಅಂದೆ. ವಿಷಯ ಮಕ್ಕಳ ವಾಂತಿ ಭೇದಿ. ಫೋನಿನಲ್ಲೇ ಬರೆದರು. ಬರೆದದ್ದನ್ನು ವಾರ್ಡಿಗೆ ಒಯ್ದು ಮಗುವಿನ ತಾಯಂದಿರಿಗೆ ಓದಿ ಹೇಳಬೇಕು, ಆಮೇಲೆ "ಈಗ ನೀವು ನನಗೆ ಹೇಳ್ರಿ, ಮನೆಗೆ ಹೋಗಿ ಹೆಂಗ ಮಾಡ್ತೀರಿ" ಅಂತ ಕೇಳಬೇಕು. ಅವರು ಹೇಳಿದ್ದನ್ನು ಬಂದು ಕಡತದಲ್ಲೇ ಹಾಕಬೇಕು.

"ಒಂದು ಪ್ಯಾಕೆಟ್ ಓಆರ್‌ಎಸ್ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು" ಅಂತ ಬರೆದಿದ್ದರು. ಪುಸ್ತಕದಾಗೂ ಹಂಗೇ ಐತಿ. ಒಬ್ಬ ತಾಯಿ ಚೀಲದಿಂದ ಪ್ಯಾಕೆಟ್ ತೆಗೆದು ತೋರಿಸಿದಳು. ಅದು ಮೆಡಿಕಲ್ ಶಾಪಿನ ಸಣ್ಣ ಪ್ಯಾಕೆಟ್, 200 ಎಂಎಲ್ ನೀರಿಗೆ ಮಾಡಿದ್ದು. ಇದನ್ನು ಒಂದು ಲೀಟರಿಗೆ ಹಾಕಿದರೆ ಬರೀ ನೀರೇ. ಸರ್ಕಾರಿ ದೊಡ್ಡ ಪ್ಯಾಕೆಟನ್ನು ಒಂದು ಲೋಟಕ್ಕೆ ಹಾಕಿದರೆ ಇನ್ನೂ ಅಪಾಯ, ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ. ಹುಡುಗಿಯರು ಬಂದು ಆ ವಾಕ್ಯ ತಿದ್ದಿದರು: "ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ನೀರು. ಓದಲು ಬಾರದಿದ್ದರೆ ಕೊಟ್ಟವರನ್ನು ಕೇಳಿ, ಯಾವ ಪಾತ್ರೆ ಅಂತ ತೋರಿಸಲು ಹೇಳಿ. ಮಿಕ್ಕಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿ."

ಕಲಿತರೋ ಇಲ್ಲವೋ ಅಂತ ಕೇಳುವವರಿಗೆ ನಾನು ಇದನ್ನು ತೋರಿಸುತ್ತೇನೆ. ಹಳೇ ವಾಕ್ಯ, ಹೊಸ ವಾಕ್ಯ, ನಡುವೆ ಯಾಕೆ ಬದಲಾಯಿತು. ಮೂರೂ ಕಡತದಲ್ಲಿ ಉಳಿದಿದೆ.

ತುಂಗಾತೀರ

ಸಿಸ್ಟರ್, ಇದು ಅದ್ಭುತ. ವಾರ್ಡಿನಲ್ಲಿ ಓದಿ ಹೇಳಿ ವಾಪಸ್ ಕೇಳುವುದು ನನಗೆ ಹೊಳೆದೇ ಇರಲಿಲ್ಲ. ಕದ್ದುಕೊಳ್ಳುತ್ತೇನೆ.

ಔಷಧಿ_ಮೇಷ್ಟ್ರು

ಫಾರ್ಮಕಾಲಜಿ (ಔಷಧ ವಿಜ್ಞಾನ) ಕಲಿಸುವವನು. ನನ್ನ ತಕರಾರು ನೇರವಾಗಿಯೇ ಹೇಳುತ್ತೇನೆ.

ವಿಕಿಪೀಡಿಯವನ್ನು ಯಾರು ಬೇಕಾದರೂ ತಿದ್ದಬಹುದು. ಇವತ್ತು ನಿಮ್ಮ ವಿದ್ಯಾರ್ಥಿ 500 ಮಿಲಿಗ್ರಾಂ ಅಂತ ಸರಿಯಾಗಿ ಬರೆಯುತ್ತಾನೆ. ನಾಳೆ ಯಾರೋ ತಮಾಷೆಗೆ ಒಂದು ಸೊನ್ನೆ ಸೇರಿಸುತ್ತಾನೆ. ಇಂಗ್ಲಿಷಿನಲ್ಲಾದರೆ ಕಾಯುವವರು ಸಾವಿರಾರು ಜನ. ಕನ್ನಡದಲ್ಲಿ ಎಷ್ಟು ಜನ ಕಣ್ಣಿಟ್ಟು ಕೂತಿದ್ದಾರೆ? ಆ ಸೊನ್ನೆ ಎಷ್ಟು ದಿನ ಅಲ್ಲೇ ಇರುತ್ತದೆ? ಸುಮ್ನೆ "ಜ್ಞಾನ ಹಂಚಿಕೆ" ಅಂತ ಹೇಳಿದರೆ ಸಾಲದು.

ಅರಳಿಕಟ್ಟೆ_ಖಾಯಂ

ಮೇಷ್ಟ್ರೇ, ತಕರಾರು ನ್ಯಾಯವಾದದ್ದೇ. ಕನ್ನಡದಲ್ಲಿ ಸಕ್ರಿಯವಾಗಿ ತಿದ್ದುವವರು ಕಡಿಮೆ. ಕೆಟ್ಟ ತಿದ್ದುಪಡಿ ಕಣ್ಣಿಗೆ ಬೀಳಲು ಹೆಚ್ಚು ಹೊತ್ತು ಹಿಡಿಯಬಹುದು. ಅದನ್ನು ಮುಚ್ಚಿಡುವುದಿಲ್ಲ.

ಆದರೆ ಡೋಸ್ ವಿಷಯಕ್ಕೆ ಉತ್ತರ ಇದೆ. ಇಂಗ್ಲಿಷ್ ವಿಕಿಯ ವೈದ್ಯಕೀಯ ಬರವಣಿಗೆಯ ನಿಯಮದಲ್ಲಿ ಡೋಸ್ ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಕಾರಣ ನೀವು ಹೇಳಿದ್ದೇ. ಕನ್ನಡದಲ್ಲೂ ಅದನ್ನೇ ಪಾಲಿಸಿ ಅಂತ ನಾವು ಹೇಳುತ್ತೇವೆ. ಇನ್ನೂ ಕೆಲವು ಇವೆ, ತುಂಗಾತೀರ ಅವರು ಮಕ್ಕಳಿಗೆ ಮೊದಲ ದಿನವೇ ಹೇಳಬೇಕಾದವು:

ಓದುಗನಿಗೆ ಆಜ್ಞೆ ಮಾಡುವ ಹಾಗಿಲ್ಲ. "ಬಿಗಿಯಬೇಡಿ" ಅಂತ ಕರಪತ್ರದಲ್ಲಿ ಬರೆಯಬಹುದು. ವಿಕಿಯಲ್ಲಿ "ಬಿಗಿಯಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ" ಅಂತ ಬರೆದು ಪಕ್ಕದಲ್ಲಿ ಆಧಾರ ಕೊಡಬೇಕು. ಆಧಾರವೂ ಯಾವುದೋ ಒಂದು ಪ್ರಯೋಗದ ವರದಿ ಆಗಬಾರದು. ರಿವ್ಯೂ ಲೇಖನ, ಒಳ್ಳೆಯ ಪಠ್ಯಪುಸ್ತಕ, ಸರ್ಕಾರದ ಅಥವಾ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ, ಅದೂ ಆದಷ್ಟು ಇತ್ತೀಚಿನದು. "ನಮ್ಮ ವಾರ್ಡಿನಲ್ಲಿ ಒಬ್ಬರಿಗೆ ಹೀಗಾಗಿತ್ತು" ಅನ್ನುವುದು ಅಲ್ಲಿ ನಡೆಯುವುದಿಲ್ಲ. ರೋಗಿಯ ಫೋಟೋ, ಎಕ್ಸ್‌ರೇ, ಕೇಸ್ ಶೀಟು ಇವನ್ನು ಯಾವ ಕಾರಣಕ್ಕೂ ಹಾಕಬಾರದು. ಮುಖ ಮುಚ್ಚಿದರೂ ಊರಿನವರಿಗೆ ಗುರುತು ಸಿಗುತ್ತದೆ.

ಔಷಧಿ_ಮೇಷ್ಟ್ರು

ಡೋಸ್ ಇಲ್ಲ ಅಂದರೆ ನನ್ನ ಅರ್ಧ ಜಗಳ ಮುಗಿಯಿತು. ಇನ್ನರ್ಧ ಇನ್ನೂ ಇದೆ. ಚಾಟ್‌ಜಿಪಿಟಿ. ವಿದ್ಯಾರ್ಥಿ ಅದರಿಂದ ಬರೆಸಿ ಅಂಟಿಸಿದರೆ?

ಲಾಸ್ಟ್‌ಬೆಂಚ್_ಎಂಬಿಬಿಎಸ್

ಅಂಟಿಸಿದರೆ ಅಲ್ಲ ಸರ್, ಅಂಟಿಸುತ್ತಾರೆ. 😀

ಅದು ಕೊಡುವ ಉಲ್ಲೇಖ ನೋಡಿದ್ದೀರಾ? ಪತ್ರಿಕೆ ಹೆಸರು ಸರಿ ಇರುತ್ತೆ, ಲೇಖಕರ ಹೆಸರೂ ಎಲ್ಲೋ ಕೇಳಿದ ಹಾಗಿರುತ್ತೆ, ಆ ಲೇಖನ ಮಾತ್ರ ಭೂಮಿ ಮೇಲೆ ಇರಲ್ಲ. ನಮ್ಮಲ್ಲೊಬ್ಬ ಸೆಮಿನಾರಿನಲ್ಲಿ ಅಂಥದ್ದೇ ಹಾಕಿ, ಪಿಜಿ ಅಣ್ಣ "ಈ ಪೇಪರ್ ತೆಗೆದು ತೋರಿಸು" ಅಂದಾಗ ಬೆವರಿದ್ದ.

ತುಂಗಾತೀರ

ಅದಕ್ಕೆ ನಾನು ಮಾಡುತ್ತಿರುವುದು ಇಷ್ಟು. ಪ್ರತಿ ವಾಕ್ಯಕ್ಕೂ ಆಧಾರ ಕೇಳುತ್ತೇನೆ. ಆಧಾರದ ಪುಟ ತೆರೆದು, ಯಾವ ಸಾಲಿನಿಂದ ಇದನ್ನು ಬರೆದೆ ಅಂತ ಬೆರಳಿಟ್ಟು ತೋರಿಸಬೇಕು. ಗುಂಪಿನಲ್ಲಿ ಯಾರನ್ನು ಬೇಕಾದರೂ ಕೇಳುತ್ತೇನೆ, ಬರೆದವರನ್ನೇ ಕೇಳಬೇಕೆಂದಿಲ್ಲ. ಯಂತ್ರ ಬರೆದಿದ್ದರೂ ಸರಿ, ಅಕ್ಕ ಬರೆದುಕೊಟ್ಟಿದ್ದರೂ ಸರಿ, ಆ ಸಾಲು ಅವರಿಗೆ ಗೊತ್ತಿರಬೇಕು. ಒಂದು ರೀತಿ ವೈವಾ.

ಇದರಲ್ಲಿ ಒಂದು ಮಜಾ ಆಯಿತು. ಒಂದು ಗುಂಪು ಹಾವು ಕಡಿದ ಕೈಕಾಲಿಗೆ ಅಗಲ ಬ್ಯಾಂಡೇಜನ್ನು ಒತ್ತಿ ಸುತ್ತಬೇಕು ಅಂತ ಬರೆದಿತ್ತು. ಆಧಾರವೂ ಇತ್ತು, ಸುಳ್ಳಲ್ಲ. ತೆರೆದು ನೋಡಿದರೆ ಆಸ್ಟ್ರೇಲಿಯಾದ ಪ್ರಥಮ ಚಿಕಿತ್ಸೆಯ ಪುಟ. ಅಲ್ಲಿನ ಹಾವುಗಳಿಗೆ ಆ ಕ್ರಮ ಇದೆ. ನಮ್ಮಲ್ಲಿ ಕೊಳಕುಮಂಡಲದ ವಿಷ ಕಡಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಅಭ್ಯಾಸ ಇಲ್ಲದವರು ಬಿಗಿದು ಸುತ್ತಿದರೆ ಇದ್ದ ಕಾಲಿಗೂ ಸಂಚಕಾರ. ನಮ್ಮ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯ ಮಾತು ಸರಳ: ಧೈರ್ಯ ಹೇಳಿ, ಕಡಿದ ಅಂಗ ಅಲುಗದಂತೆ ಇಡಿ, ಬೇಗ ಆಸ್ಪತ್ರೆಗೆ ಸೇರಿಸಿ, ಲಕ್ಷಣಗಳನ್ನು ಡಾಕ್ಟರಿಗೆ ಹೇಳಿ. ಆಧಾರ ಇದ್ದರೆ ಸಾಲದು, ಎಲ್ಲಿಯ ಆಧಾರ ಅಂತಲೂ ನೋಡಬೇಕು. ಇದನ್ನು ಸಂಶೋಧನಾ ವಿಧಾನದ ಪಾಠದಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ.

ತೋಟದ_ಮನೆ

ನಾನು ಡಾಕ್ಟರೂ ಅಲ್ಲ ಮೇಷ್ಟ್ರೂ ಅಲ್ಲ. ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಓದುತ್ತಾ ಇದ್ದೆ, ಸುಮ್ಮನಿರಲು ಆಗಲಿಲ್ಲ.

ಹಾವು ಕಡಿದವನು ಲೇಖನ ಓದುತ್ತಾ ಕೂರಲ್ಲ ಸ್ವಾಮಿ. 108ಕ್ಕೆ ಫೋನ್ ಮಾಡ್ತಾನೆ, ಇಲ್ಲಾ ಪಕ್ಕದ ಮನೆಯವನ ಬೈಕ್ ಹತ್ತುತ್ತಾನೆ. ಲೇಖನ ಓದೋದು ಯಾರು ಗೊತ್ತಾ? ಕಡಿದು, ಆಸ್ಪತ್ರೆಗೆ ಸೇರಿಸಿ, ಹೊರಗೆ ಕೂತಿರುವ ಅವನ ತಮ್ಮ. ಒಳಗೆ ಏನು ಮಾಡ್ತಾ ಇದ್ದಾರೆ ಅಂತ ಅವನಿಗೆ ಗೊತ್ತಾಗಬೇಕು. ನಮ್ಮಣ್ಣನಿಗೆ ಕಡಿದಾಗ ರಕ್ತ ತೆಗೆದು ಒಂದು ಗಾಜಿನ ಕೊಳವೆಯಲ್ಲಿ ಹಾಕಿ ಸುಮ್ಮನೆ ಇಟ್ಟುಬಿಟ್ಟರು. ಇಷ್ಟೊತ್ತಾದರೂ ಔಷಧಿ ಕೊಡಲಿಲ್ಲ ಅಂತ ನಾವು ಕೂಗಾಡಿದ್ದು ಒಂದಿಷ್ಟಲ್ಲ. ಯಾರಾದರೂ ಒಂದು ಮಾತು ಹೇಳಿದ್ದರೆ ಆ ಗಲಾಟೆನೇ ಇರುತ್ತಿರಲಿಲ್ಲ.

ತುಂಗಾತೀರ

ಅಣ್ಣಾ, ನೀವು ನೋಡಿದ್ದು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಸುಮಾರು 2 ಎಂಎಲ್ ರಕ್ತವನ್ನು ಒಣಗಿದ, ಶುದ್ಧ ಗಾಜಿನ ಕೊಳವೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಒಂದು ಸಲ ಓರೆ ಮಾಡಿ ನೋಡುತ್ತಾರೆ. ಇನ್ನೂ ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಏರಿದೆ ಎಂದರ್ಥ. ಮಂಡಲದ ಹಾವುಗಳಲ್ಲಿ ಹೀಗಾಗುತ್ತದೆ. ಕೊಳವೆ ಗಾಜಿನದ್ದೇ ಆಗಿರಬೇಕು. ಪ್ಲಾಸ್ಟಿಕ್ ಆದರೆ, ಸೋಪಿನಲ್ಲಿ ತೊಳೆದಿದ್ದರೆ, ಫಲಿತಾಂಶ ಕೆಡುತ್ತದೆ. ವಿಷ ಏರಿದ ಲಕ್ಷಣ ಇಲ್ಲದೆ ಆಂಟಿವೆನಮ್ ಕೊಡುವುದಿಲ್ಲ, ಏಕೆಂದರೆ ಅದು ಕುದುರೆಯ ರಕ್ತದಿಂದ ಮಾಡಿದ್ದು, ಕೆಲವರಿಗೆ ಅದೇ ಜೋರಾಗಿ ಅಲರ್ಜಿ ಮಾಡಬಹುದು.

ನಮ್ಮ ಯಾವ ಗುಂಪಿನ ಬರಹದಲ್ಲೂ ಇದು ಇಲ್ಲ. ಎಲ್ಲರೂ "ಪ್ರಥಮ ಚಿಕಿತ್ಸೆ" ಅಂತಲೇ ಬರೆದಿದ್ದಾರೆ. "ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ" ಅಂತ ಒಂದು ವಿಭಾಗ ನಿಮ್ಮ ಹೆಸರಿನಲ್ಲಿ ಸೇರಿಸಿಸುತ್ತೇನೆ. (ಹೆಸರು ಹಾಕಲ್ಲ ಬಿಡಿ.)

ತೋಟದ_ಮನೆ

ಹಾಕಿದರೂ ಬೇಜಾರಿಲ್ಲ. ಹಂಗೇ ಮಂಗನ ಕಾಯಿಲೆದೂ ಬರೆಸಿ. ಪ್ರತಿ ವರ್ಷ ಉಣುಗಿನ ಕಾಲ ಬಂದಾಗ ವಾಟ್ಸಾಪಿನಲ್ಲಿ ಒಂದೊಂದು ಥರ ಬರುತ್ತೆ. ಕಾಯಿಲೆ ಮೊದಲು ಸಿಕ್ಕಿದ್ದೇ ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಇಂಗ್ಲಿಷಿನಲ್ಲಿ ಆ ಊರ ಹೆಸರಿನಲ್ಲೇ ಕರೀತಾರೆ. ಕನ್ನಡದಲ್ಲಿ ನಾವು ಏನು ಓದಬೇಕು?

ಅರಳಿಕಟ್ಟೆ_ಖಾಯಂ

ಇದಕ್ಕೆ ಮೆಡಿಕಲ್ ಕಾಲೇಜಿಗಿಂತ ಒಳ್ಳೆಯ ಜಾಗ ಇಲ್ಲ. ಇಂಥ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಇಂಗ್ಲಿಷ್ ಲೇಖನವನ್ನೂ ಸುಧಾರಿಸಬಹುದು, ಹೊರಗಿನವರಿಗಿಂತ ಚೆನ್ನಾಗಿ.

ಭಾಷೆಯ ವಿಷಯಕ್ಕೆ ಇನ್ನೊಂದು ಉದಾಹರಣೆ: ಇಸ್ರೇಲಿನ ತೆಲ್ ಅವೀವ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲೂ 2013ರಲ್ಲೇ ವಿಕಿ-ಮೆಡ್ ಎಂಬ ಕೋರ್ಸ್ ಶುರುವಾಯಿತು. ಅದಕ್ಕೆ ಅಂಕವೂ ಇತ್ತು. ಅಲ್ಲಿನ ಮಕ್ಕಳು ಹೀಬ್ರೂ ವಿಕಿಪೀಡಿಯಕ್ಕೆ ಬರೆದರು. ನಮಗೆ ಹತ್ತಿರದ ಮಾದರಿ ಅದು.

ಬೆಂಗಳೂರು_ಇಂಟರ್ನ್

ಬೇರೆ ರಾಜ್ಯದಿಂದ ಬಂದವರ ಕಥೆ ಏನು? ನಮ್ಮ ಬ್ಯಾಚಿನಲ್ಲಿ ಎಷ್ಟೋ ಜನಕ್ಕೆ ಕನ್ನಡ ಬರೆಯಲು ಬರಲ್ಲ. ಅವರು ಗುಂಪಿನಲ್ಲಿ ಏನು ಮಾಡಬೇಕು?

ತುಂಗಾತೀರ

ನನ್ನ ಗುಂಪುಗಳಲ್ಲೂ ಇದ್ದಾರೆ. ಆಧಾರ ಹುಡುಕುವುದು, ಓದಿ ಮುಖ್ಯ ಅಂಶ ತೆಗೆಯುವುದು, ಎರಡು ಮಾರ್ಗಸೂಚಿ ಎಲ್ಲಿ ಬೇರೆ ಮಾತಾಡುತ್ತವೆ ಅಂತ ಪಟ್ಟಿ ಮಾಡುವುದು ಅವರ ಕೆಲಸ. ಆಮೇಲೆ ಕನ್ನಡದಲ್ಲಿ ಬರೆದದ್ದನ್ನು ಗೆಳೆಯರು ಅವರಿಗೆ ಓದಿ ಹೇಳಬೇಕು, ಅರ್ಥ ಸರಿ ಇದೆಯಾ ಅಂತ ಅವರು ಹೇಳಬೇಕು. 2019ರಿಂದ ಬಂದ ಸಿಬಿಎಂಇ (ಸಾಮರ್ಥ್ಯ ಆಧಾರಿತ ವೈದ್ಯಕೀಯ ಶಿಕ್ಷಣ) ಪಠ್ಯಕ್ರಮದಲ್ಲಿ ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲೇ ಸ್ಥಳೀಯ ಭಾಷೆ ಕಲಿಸಬೇಕು ಅಂತಿದೆ. ಹೆಚ್ಚಿನ ಕಡೆ ಅದು "ಎಲ್ಲಿ ನೋವು, ಎಷ್ಟು ದಿನದಿಂದ" ಅನ್ನುವಲ್ಲಿಗೆ ನಿಂತುಹೋಗುತ್ತದೆ. ಟೈಮ್‌ಟೇಬಲ್ಲಿನಲ್ಲಿ ಜಾಗ ಎಲ್ಲಿದೆ ಅಂತ ಕೇಳುವವರಿಗೂ ಉತ್ತರ ಅಲ್ಲೇ ಇದೆ: ಸೆಲ್ಫ್ ಡೈರೆಕ್ಟೆಡ್ ಲರ್ನಿಂಗ್ (ತಾವಾಗಿಯೇ ಕಲಿಯುವ) ಗಂಟೆಗಳು ಕಾಗದದ ಮೇಲೆ ಇದ್ದೇ ಇವೆ. ಆ ಹೊತ್ತಿನಲ್ಲಿ ಈಗ ಏನು ನಡೆಯುತ್ತದೆ ಅಂತ ನಿಮಗೇ ಗೊತ್ತು.

ಲಾಸ್ಟ್‌ಬೆಂಚ್_ಎಂಬಿಬಿಎಸ್

ನಿದ್ದೆ ಮೇಡಂ. ಇಲ್ಲಾ ನೀಟ್ ಪಿಜಿ ಪ್ರವೇಶ ಪರೀಕ್ಷೆಯ ಎಂಸಿಕ್ಯೂ.

ಆದರೆ ಮಾರ್ಕ್ಸ್ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಡಲಿಲ್ಲ.

ಅರಳಿಕಟ್ಟೆ_ಖಾಯಂ

ಯಾರು ಬರೆದರು ಅನ್ನುವುದು ಮುಚ್ಚಿಡಲು ಆಗುವುದೇ ಇಲ್ಲ. ವಿಕಿಯಲ್ಲಿ "ಇತಿಹಾಸ" ಒತ್ತಿದರೆ ಪ್ರತಿ ತಿದ್ದುಪಡಿ, ಯಾರು, ಯಾವಾಗ, ಏನು ಬದಲಾಯಿಸಿದರು, ಎಲ್ಲ ಸಿಗುತ್ತದೆ. ಗೂಗಲ್ ಡಾಕ್ಸ್‌ನಲ್ಲೂ ಹಳೆಯ ಆವೃತ್ತಿಗಳು ಇರುತ್ತವೆ. ಲೆಕ್ಕ ಇಡಲು ವಿಕಿಮೀಡಿಯದ ಡ್ಯಾಶ್‌ಬೋರ್ಡ್ ಇದೆ. ಮಕ್ಕಳ ಹೆಸರು ಸೇರಿಸಿದರೆ ಯಾರದ್ದು ಎಷ್ಟು ಅಂತ ಅದೇ ತೋರಿಸುತ್ತದೆ.

ಒಂದೇ ಎಚ್ಚರಿಕೆ. ಅದು ಬೈಟುಗಳಲ್ಲಿ (ಕಂಪ್ಯೂಟರಿನಲ್ಲಿ ಬರಹದ ಗಾತ್ರದ ಅಳತೆ) ಲೆಕ್ಕ ಹೇಳುತ್ತದೆ. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು. "ಸ್ತ್ರೀ" ಅಂತ ಒಂದು ಅಕ್ಷರ ಬರೆದರೆ 18 ಬೈಟು! ಇಂಗ್ಲಿಷಿನ ಲೆಕ್ಕ ಇಟ್ಟುಕೊಂಡು "ಐದು ಸಾವಿರ ಬೈಟು ಬರೆದವರಿಗೆ ಐದು ಮಾರ್ಕ್ಸ್" ಅಂತ ಮಾಡಿದರೆ ಒಂದೂವರೆ ಪ್ಯಾರಾಕ್ಕೇ ಮುಗಿದುಹೋಗುತ್ತದೆ. ಉದ್ದಕ್ಕೆ ಮಾರ್ಕ್ಸ್ ಕೊಡುವುದೇ ತಪ್ಪು ಅನ್ನಿ. ಕೊಟ್ಟರೆ ಮಕ್ಕಳು ರಬ್ಬರ್ ಎಳೆದ ಹಾಗೆ ಎಳೆಯುತ್ತಾರೆ.

ಸಿಸ್ಟರ್_ಟ್ಯೂಟರ್

ನಾನು ಬರೆದದ್ದಕ್ಕಿಂತ ತಿದ್ದಿದ್ದಕ್ಕೆ ಜಾಸ್ತಿ ಮಾರ್ಕ್ಸ್ ಇಡುತ್ತೇನ್ರಿ. ಇನ್ನೊಬ್ಬರ ವಾಕ್ಯದಲ್ಲಿ ತಪ್ಪು ಹಿಡಿದು, ಯಾಕೆ ಅಂತ ಕಾರಣ ಬರೆದು, ಆಧಾರ ಕೊಟ್ಟರೆ ಪೂರ್ತಿ. ಸುಮ್ಮನೆ "ಚೆನ್ನಾಗಿದೆ" ಅಂತ ಕಾಮೆಂಟ್ ಹಾಕಿದರೆ ಸೊನ್ನೆ.

ಶುರುವಿಗೆ ಕಷ್ಟ ಆಯಿತು. ಗೆಳತಿ ಬರೆದದ್ದನ್ನು ಅಳಿಸಲು ಸಂಕೋಚ. "ಆಕಿಗೆ ಬೇಜಾರಾಗ್ತದ ಮೇಡಂ" ಅಂದರು. ನರ್ಸಿಂಗ್‌ನಲ್ಲಿ ಆ ಸಂಕೋಚ ದೊಡ್ಡ ಅಪಾಯ. ನಾಳೆ ವಾರ್ಡಿನಲ್ಲಿ ಡಾಕ್ಟರು ತಪ್ಪು ಆರ್ಡರ್ ಬರೆದಾಗ "ಸರ್, ಇದೊಂದು ಸಲ ನೋಡ್ತೀರಾ" ಅಂತ ಕೇಳುವ ಧೈರ್ಯ ಇರಬೇಕಲ್ಲ, ಅದು ಇಲ್ಲಿಂದಲೇ ಬರಬೇಕು. ನನಗೆ ಕೇಳಿದರೆ ಈ ಇಡೀ ಕೆಲಸದಲ್ಲಿ ಕಲಿಯುವುದು ಅದೊಂದೇ. ಹಾವಿನ ವಿಷಯ, ಓಆರ್‌ಎಸ್ ವಿಷಯ ಹೆಂಗಾದರೂ ಓದಿಕೊಳ್ಳುತ್ತಾರೆ.

ಔಷಧಿ_ಮೇಷ್ಟ್ರು

ಈ ಮಾತಿಗೆ ನನ್ನ ಸಹಿ. ಎಂಬಿಬಿಎಸ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳನ್ನು ಒಂದೇ ಗುಂಪಿಗೆ ಹಾಕಿ ನೋಡಿ. ನರ್ಸಿಂಗ್ ಹುಡುಗಿ ಮೆಡಿಕೋನ ವಾಕ್ಯ ಅಳಿಸಿದರೆ ಏನಾಗುತ್ತದೆ ಅಂತ ನೋಡುವ ಕುತೂಹಲ. ಫಾರ್ಮಸಿಯವರನ್ನೂ ಸೇರಿಸಿ, ಅವರ ಕೈಗೆ ಔಷಧಿಗಳ ಪರಸ್ಪರ ಪರಿಣಾಮದ ಭಾಗ ಕೊಡಿ. ಡೋಸ್ ಮಾತ್ರ ಬೇಡ!

ಹೊಣೆ ಯಾರದ್ದು ಅನ್ನುವುದಕ್ಕೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ವಿಷಯ ತಜ್ಞರೊಬ್ಬರು ಓದಿ ಒಪ್ಪುವವರೆಗೆ ಬರಹವು ಪ್ರಯೋಗಪುಟದಿಂದ (ವಿಕಿಯಲ್ಲಿ ಕರಡು ಬರೆಯುವ ಪುಟ) ಮುಖ್ಯ ಲೇಖನಕ್ಕೆ ಹೋಗಬಾರದು. ಪೋಸ್ಟಿಂಗ್ ಮುಗಿದ ಮೇಲೂ ಆ ಪುಟವನ್ನು ಕಾಯುವವರು ಯಾರಾದರೂ ವಿಭಾಗದಲ್ಲಿ ಇರಬೇಕು. ಮಕ್ಕಳು ಪಾಸಾಗಿ ಹೋಗುತ್ತಾರೆ, ಲೇಖನ ಅಲ್ಲೇ ಇರುತ್ತದೆ.

ಬೇ_ಏರಿಯಾ_ಬಸಣ್ಣ

ತಜ್ಞರ ಪರಿಶೀಲನೆಯ ಮಾತು ಬಂತಲ್ಲ. ಇಂಗ್ಲಿಷ್ ವಿಕಿಯ ಡೆಂಗಿ ಜ್ವರದ ಲೇಖನವನ್ನು 2014ರಲ್ಲಿ 'ಓಪನ್ ಮೆಡಿಸಿನ್' ಎಂಬ ವೈದ್ಯಕೀಯ ಪತ್ರಿಕೆ ತಜ್ಞರಿಂದ ಪರಿಶೀಲಿಸಿ ಪ್ರಕಟಿಸಿತ್ತು. ಹಾಗಾಗಿ ವಿಕಿ ಬರಹ ಅಂದರೆ ಅಗ್ಗದ ಬರಹ ಅಂತ ನಿಮ್ಮ ಎಚ್‌ಒಡಿ ಅಂದುಕೊಂಡಿದ್ದರೆ ಇದನ್ನು ತೋರಿಸಿ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ಎಚ್‌ಒಡಿ ಜೊತೆ ಮಾತಾಡಿ ಬಂದೆ. ಹೀಗೆ ಮಾಡುತ್ತಿದ್ದೇವೆ: ಇಡೀ ಬ್ಯಾಚಿಗೆ ಕಡ್ಡಾಯ ಇಲ್ಲ. ಇಷ್ಟಪಟ್ಟ ಎರಡು ಗುಂಪು ಮಾತ್ರ, ಅವರಿಗೆ ಆ ಪೋಸ್ಟಿಂಗಿನ ರೆಕಾರ್ಡ್ ಬುಕ್ ಮನ್ನಾ. (ಇದನ್ನು ಹೇಳಿದ ಕೂಡಲೇ ಇಷ್ಟಪಟ್ಟವರ ಸಂಖ್ಯೆ ಏರಿತು!) ಒಂದು ಗುಂಪಿಗೆ ಹಾವು ಕಡಿತ, ಆಸ್ಪತ್ರೆಯ ವಿಭಾಗವೂ ಸೇರಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಅಂತ ಘೋಷಿಸಿದ್ದೂ ಅದರಲ್ಲಿ ಬರಬೇಕು. ಇನ್ನೊಂದಕ್ಕೆ ಮಂಗನ ಕಾಯಿಲೆ. ಪಕ್ಕದ ನರ್ಸಿಂಗ್ ಕಾಲೇಜಿನವರೂ ಬರುತ್ತಾರೆ, ವಾರ್ಡಿನಲ್ಲಿ ಓದಿ ಹೇಳುವ ಕೆಲಸದಲ್ಲಿ ಅವರದ್ದೇ ಮುಂದಾಳತ್ವ. ಲೇಖನ ಒಂದು, ಅದರಿಂದಲೇ ಕರಪತ್ರ ಇನ್ನೊಂದು. ಕರಪತ್ರದಲ್ಲಿ 108 ದೊಡ್ಡದಾಗಿ.

ಕಲಿತರಾ ಇಲ್ಲವಾ ಅನ್ನುವುದಕ್ಕೆ, ಬರೆದ ಗುಂಪಿಗೂ ರೆಕಾರ್ಡ್ ಬರೆದವರಿಗೂ ಕೆಲವು ತಿಂಗಳು ಬಿಟ್ಟು ಒಂದೇ ಪ್ರಶ್ನೆಗಳನ್ನು ಕೇಳುತ್ತೇವೆ. ಇಷ್ಟಪಟ್ಟು ಬಂದವರೇ ಚುರುಕಾಗಿರುತ್ತಾರೆ ಅನ್ನುವ ಆಕ್ಷೇಪ ಗೊತ್ತು. ಲಾಸ್ಟ್‌ಬೆಂಚ್, ಅದಕ್ಕೆ ಉಪಾಯ ಇದ್ದರೆ ಹೇಳಿ.

ಲಾಸ್ಟ್‌ಬೆಂಚ್_ಎಂಬಿಬಿಎಸ್

ಇಷ್ಟಪಟ್ಟವರು ಜಾಸ್ತಿ ಆದರಲ್ಲ ಮೇಡಂ, ಅವರಲ್ಲೇ ಚೀಟಿ ಎತ್ತಿ. ಚೀಟಿಯಲ್ಲಿ ಬಂದವರು ಬರೆಯಲಿ, ಬರದವರು ರೆಕಾರ್ಡ್ ಮಾಡಲಿ. ಆಮೇಲೆ ಇವರಿಬ್ಬರನ್ನೇ ಹೋಲಿಸಿ. ಪಿಎಸ್‌ಎಂ (ಅಂದರೆ ನಿಮ್ಮ ಕಮ್ಯುನಿಟಿ ಮೆಡಿಸಿನ್) ಕ್ಲಾಸಿನಲ್ಲಿ ಇದೊಂದು ನೆನಪಿದೆ.

ತುಂಗಾತೀರ

ಅಯ್ಯೋ, ಇಷ್ಟು ಚುರುಕಿದ್ದವರು ಲಾಸ್ಟ್ ಬೆಂಚಿನಲ್ಲಿ ಏನು ಮಾಡ್ತಾ ಇದ್ದೀರಿ! ಹಾಗೇ ಮಾಡುತ್ತೇನೆ.

ಅರಳಿಕಟ್ಟೆ_ಖಾಯಂ

ಮೇಡಂ, ಕೊನೆಗೆ ಒಂದು ತಾಂತ್ರಿಕ ವಿಷಯ, ಮರೆತರೆ ಮೊದಲ ದಿನವೇ ಹಾಳು. ಕಾಲೇಜಿನ ಒಂದೇ ಇಂಟರ್ನೆಟ್ ಸಂಪರ್ಕದಿಂದ ದಿನಕ್ಕೆ ಆರು ಖಾತೆ ಮಾತ್ರ ತೆರೆಯಲು ಬಿಡುತ್ತದೆ. ಏಳನೆಯವರಿಗೆ ತಡೆ. ಅದಕ್ಕೆ ಹಿಂದಿನ ದಿನವೇ ಎಲ್ಲರೂ ತಮ್ಮ ಮೊಬೈಲ್ ಡೇಟಾದಿಂದ ಖಾತೆ ಮಾಡಿಕೊಂಡು ಬರಲಿ. ಗುಂಪಿಗೊಂದು ಖಾತೆ ಬೇಡ, ಒಬ್ಬರಿಗೆ ಒಂದು. ಖಾತೆಗೆ ಕಾಲೇಜಿನ ಹೆಸರೂ ಬೇಡ, ಅವರ ನಿಜ ಹೆಸರೂ ಬೇಕಾಗಿಲ್ಲ. ಪ್ರಯೋಗಪುಟಗಳ ಕೊಂಡಿ ಅರಳಿ ಕಟ್ಟೆಯಲ್ಲಿ ಹಾಕಿ, ನಾವು ಒಂದಿಬ್ಬರು ನೋಡುತ್ತಿರುತ್ತೇವೆ.